ಮಿಸ್ ಆರ್ಲೀಥಾ ಜ್ಯೂರಿಯಲ್ಲಿ ಕೂತದ್ದು

ರೆವರೆಂಡ್ ಸ್ಟ್ರಿಕ್ಲಿನ್ ಅವರೇ, ಮುಂದಿನ ಸಾಲಿನಲ್ಲಿರುವ ವರ್ನೀಸ್ ಮತ್ತು ಮನೆಯವರೇ, ಕೆಲಸದ ದಿನವಾದರೂ ಬಿಡುವು ಮಾಡಿಕೊಂಡು ಮಿಸ್ ಆರ್ಲೀಥಾ ಅವರನ್ನು ಕೊನೆಯದಾಗಿ ಬೀಳ್ಕೊಡಲು ಬಂದಿರುವ ನಿಮಗೆಲ್ಲ ನಮಸ್ಕಾರ. ನಾನು ಹೊರೇಸ್. ಶಾಲೆಯ ಷೆಡ್ಡಿನಲ್ಲಿ ಮಿಸ್ ಆರ್ಲೀಥಾ ಬ್ಯಾಂಕ್‌ಸ್ಟನ್ ಅವರ ಬಸ್ಸಿನ ಪಕ್ಕ ನಿಲ್ಲುತ್ತಿದ್ದ ಬಸ್ಸಿನ ಡ್ರೈವರ್ ನಾನು. ಎಷ್ಟೋ ವರ್ಷ ಒಂದೇ ಫ್ಲಾಸ್ಕಿನ ಕಾಫಿ ಕುಡಿದವರು ನಾವು — ಫ್ಲಾಸ್ಕು ಅವರದು, ಕುಡಿದವನು ಹೆಚ್ಚಾಗಿ ನಾನು.

ಅವರ ಒಳ್ಳೆಯತನದ ಬಗ್ಗೆ ರೆವರೆಂಡರು ಹೇಳಿದ್ದಾರೆ. ನಾನು ಜ್ಯೂರಿಯ ವಿಷಯ ಹೇಳುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಅದು ಇಂದಿಗೂ ಹಿಡಿಸದ ಮಾತು. ಗೊತ್ತು. ಆದರೂ ಹೇಳುತ್ತೇನೆ.

ಅಲಬಾಮಾದ ಈ ನಮ್ಮ ಕೌಂಟಿಯಲ್ಲಿ ಅರ್ಧದಷ್ಟು ಜನ ಕರಿಯರು. ಆದರೆ ಒಬ್ಬನು ತಪ್ಪಿತಸ್ಥನೋ ಅಲ್ಲವೋ ಎಂದು ಊರಿನ ಜನರೇ ಕೂತು ತೀರ್ಮಾನಿಸುವ ಜ್ಯೂರಿಯ ಆ ಹನ್ನೆರಡು ಕುರ್ಚಿಗಳಲ್ಲಿ ನಮ್ಮ ಮುಖ ಕಾಣುತ್ತಿರಲಿಲ್ಲ. ಜ್ಯೂರಿಗೆ ಬನ್ನಿ ಎಂದು ಕೋರ್ಟಿನ ಸಮನ್ಸ್ ಬರುತ್ತಿತ್ತು — ಬರುತ್ತಿರಲಿಲ್ಲ ಎಂದಲ್ಲ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದೆವು. ಸರ್ಕಾರಿ ವಕೀಲರು ನಮ್ಮನ್ನು ನೋಡಿ, ಇವರು ಬೇಡ ಎನ್ನುತ್ತಿದ್ದರು. ಏಕೆಂದು ಹೇಳಬೇಕಾಗಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದೆವು. ರಜೆ ಸಿಕ್ಕಿತು ಎಂದು ನಾವು ನಗುತ್ತಿದ್ದೆವು. ಮಿಸ್ ಆರ್ಲೀಥಾ ನಗುತ್ತಿರಲಿಲ್ಲ.

ಆಮೇಲೆ ಕಾನೂನು ಬದಲಾಯಿತು. ನಮ್ಮನ್ನು ಬೇಡವೆನ್ನಲು ಬಣ್ಣ ಬಿಟ್ಟು ಬೇರೆ ಕಾರಣ ಕೊಡಬೇಕಾಯಿತು. ಕೊಟ್ಟರು — ಕಾರಣಗಳಿಗೇನು ಬರವೇ? ಒಬ್ಬರು ಕಣ್ಣೆತ್ತಿ ನೋಡಲಿಲ್ಲ, ಇನ್ನೊಬ್ಬರು ತೀರಾ ದಿಟ್ಟಿಸಿ ನೋಡಿದರು ಎಂದರು.

ಆಗಲೇ ಡೆಮೆಟ್ರಿಸ್‌ನ ಕೇಸು ಬಂದದ್ದು. ಪೆಟ್ರೋಲ್ ಬಂಕಿನ ಮುದುಕನನ್ನು ಹೊಡೆದು ಒಂದು ಕಣ್ಣು ಹೋಗುವ ಹಾಗೆ ಮಾಡಿದ ಎಂಬ ಆರೋಪ. ಮುದುಕ ಬಿಳಿಯ, ಹುಡುಗ ನಮ್ಮವನು. ಅವನ ತಾಯಿ ಯೂಲಾ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ನನಗೂ ಸಮನ್ಸ್ ಬಂದಿತ್ತು. ನನ್ನನ್ನು ಬೇಗನೆ ಬೇಡವೆಂದರು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ.

ಮಿಸ್ ಆರ್ಲೀಥಾ ಸರದಿ ಬಂತು. ಆರೋಪಿ ಚಿಕ್ಕವನಿದ್ದಾಗ ಈಕೆಯ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ, ಆದ್ದರಿಂದ ಬೇಡ ಎಂದರು ಸರ್ಕಾರಿ ವಕೀಲರು. ಅದು ನಿಜವೇ ಎಂದು ಜಡ್ಜ್ ಕೇಳಿದರು. ಮಿಸ್ ಆರ್ಲೀಥಾ ಎದ್ದು ನಿಂತರು — ಹೀಗೆ, ಕೈಚೀಲವನ್ನು ಎದೆಗವಚಿಕೊಂಡು.

"ನಿಜ ಸ್ವಾಮಿ. ಈ ವಕೀಲರ ಮಗಳೂ ನನ್ನ ಬಸ್ಸಲ್ಲೇ ಬರ್ತಾಳೆ. ವಾಂತಿ ಆಗುತ್ತೆ ಅಂತ ಮುಂದಿನ ಸೀಟು ಕೊಟ್ಟಿದೀನಿ. ಹಂಗಂತ ನಾನು ಇವರ ಕಡೆ ವಾಲ್ತೀನಿ ಅಂತ ಯಾರೂ ಹೆದರಿಲ್ವಲ್ಲ."

ಕೋರ್ಟು ನಕ್ಕಿತು. ಜಡ್ಜ್ ನಗಲಿಲ್ಲ. ಈಕೆ ಕೂರಲಿ ಎಂದರು.

ಅಂದು ನಮ್ಮ ಕೇರಿಯಲ್ಲಿ ಹಬ್ಬ. ಹನ್ನೆರಡರಲ್ಲಿ ಒಬ್ಬರು ಒಪ್ಪದಿದ್ದರೂ ತಪ್ಪಿತಸ್ಥ ಎನ್ನುವಂತಿಲ್ಲ; ಹುಡುಗ ಮನೆಗೆ ಬಂದ ಹಾಗೇ ಎಂದುಕೊಂಡೆವು. ಯೂಲಾ ಸಿಹಿಗೆಣಸಿನ ಪೈ ಮಾಡಿ ಕೊಂಡುಹೋದಳು. ಮಿಸ್ ಆರ್ಲೀಥಾ ಬಾಗಿಲಲ್ಲೇ, ಕೇಸು ಮುಗಿಯಲಿ ಎಂದು ಹೇಳಿ ವಾಪಸ್ ಕಳಿಸಿದರು. ಆಗಲೇ ನಮಗೆ ಅರ್ಥವಾಗಬೇಕಿತ್ತು.

ಹನ್ನೆರಡು ಮಂದಿಯೂ ತಪ್ಪಿತಸ್ಥ ಎಂದರು. ಹನ್ನೆರಡು ಮಂದಿಯೂ. ಡೆಮೆಟ್ರಿಸ್ ಜೈಲಿಗೆ ಹೋದ.

ಆಮೇಲಿನದು ನಿಮಗೆ ಗೊತ್ತು. ಇದೇ ಚರ್ಚಿನಲ್ಲಿ ಅವರ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಯೂಲಾ ಮಾತು ಬಿಟ್ಟಳು. ಒಂದು ಬೆಳಿಗ್ಗೆ ಷೆಡ್ಡಿನಲ್ಲಿ ತಡೆಯಲಾರದೆ ಕೇಳಿದೆ: "ಮಿಸ್ ಆರ್ಲೀಥಾ, ಇದಕ್ಕೇನಾ ಅಷ್ಟು ವಾದ ಮಾಡಿ ಆ ಕುರ್ಚೀಲಿ ಕೂತಿದ್ದು?"

ಅವರು ಕಾಫಿ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. "ಹೊಡೆದಿದ್ದು ಅವನೇ, ಹೊರೇಸ್. ಎಲ್ಲಾ ಕೇಳಿಸ್ಕೊಂಡೆ. ನಮ್ಮ ಹುಡುಗ ಅಂತ ನಾನು ಅಲ್ಲ ಅಂದಿದ್ರೆ, ಆ ವಕೀಲ ನನ್ನ ಬೇಡ ಅಂದಿದ್ದೇ ಸರಿ ಅಂತಾಯ್ತಲ್ಲ?"

 ಕಾಫಿ ಕುಡಿದೆ.

ಅವರ ನಂತರ ನಮ್ಮವರು ಒಬ್ಬೊಬ್ಬರಾಗಿ ಆ ಕುರ್ಚಿಗಳಲ್ಲಿ ಕೂತಿದ್ದಾರೆ. ಬಿಟ್ಟು ಕಳಿಸಿದ್ದೂ ಉಂಟು, ಜೈಲಿಗೆ ಕಳಿಸಿದ್ದೂ ಉಂಟು.

ಕಳೆದ ತಿಂಗಳು ಯೂಲಾಗೂ ಜ್ಯೂರಿಯ ಸಮನ್ಸ್ ಬಂತು. ಇಷ್ಟು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದವಳು ಮಿಸ್ ಆರ್ಲೀಥಾ ಕಾಯಿಲೆ ಮಲಗಿದ್ದ ಕೋಣೆಗೆ ಬಂದಳು. ಅವರ ತಂಗಿಯ ಮಗಳು ವರ್ನೀಸ್ ಇದ್ದಳು, ನಾನೂ ಇದ್ದೆ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಅಲ್ಲಿ ಹೇಗೆ ಕೂರುವುದು ಎಂದಷ್ಟೇ ಕೇಳಿದಳು.

ಮಿಸ್ ಆರ್ಲೀಥಾಗೆ ಉಸಿರು ಸಾಲುತ್ತಿರಲಿಲ್ಲ. "ಹೇಳಿದ್ದೆಲ್ಲಾ ಕೇಳಿಸ್ಕೋ," ಎಂದರು. ತಡೆದು — "ಕಟಕಟೇಲಿ ನಿಂತಿರೋನ ತಾಯಿ ಬಂದಿರ್ತಾಳೆ. ಅವಳ ಮುಖ ನೋಡ್ಬೇಡ. ನಾನು ನೋಡ್ಬಿಟ್ಟೆ, ಯೂಲಾ. ಇವತ್ತಿಗೂ ಕಣ್ಣಿಂದ ಹೋಗಿಲ್ಲ."

ಆಗ ಯೂಲಾ ಹಾಸಿಗೆಯ ಅಂಚಿನಲ್ಲಿ ಕೂತಳು. ನಾವಿಬ್ಬರೂ ಹೊರಗೆ ಬಂದೆವು.

ಯೂಲಾ ಏಕೆ ಬಂದಿಲ್ಲ ಎಂದು ಈಗ ಬಾಗಿಲಲ್ಲಿ ಕೆಲವರು ಕೇಳಿದಿರಿ — ಸ್ವಲ್ಪ ಕಟುವಾಗಿಯೇ ಕೇಳಿದಿರಿ. ಯೂಲಾ ಕೋರ್ಟಿನಲ್ಲಿದ್ದಾಳೆ. ಮಗನ ವಿಷಯ ಕೇಳಿದರಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ, ಜ್ಯೂರಿಗೆ ತೆಗೆದುಕೊಂಡರಂತೆ. ಇಂದು ಇಲ್ಲಿಗೆ ಬರಲು ಬಿಡುತ್ತೇನೆಂದು ಜಡ್ಜ್ ಹೇಳಿದರೂ, ಬೇಡ, ಕೂರುತ್ತೇನೆ ಎಂದಳಂತೆ.

ನನ್ನ ಮಾತು ಇಷ್ಟೇ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಂಡಿ ನೋವಿರುವವರು ಕೂತೇ ಇರಿ, ಮಿಸ್ ಆರ್ಲೀಥಾ ಏನೂ ತಿಳಿದುಕೊಳ್ಳುವುದಿಲ್ಲ. ಟೋಪಿ ತೆಗೆಯಿರಿ. ಇನ್ನು ಸ್ವಲ್ಪ ಹೊತ್ತು — ನಾನೂ ಸೇರಿ — ಯಾರೂ ಮಾತಾಡುವುದು ಬೇಡ.