ಅಡ್ಮಿರಲ್ ಒಪ್ಪಿಸುತ್ತಿದ್ದ ಹನ್ನೊಂದು ಹೆಸರು

“ನಲವತ್ತು ವರ್ಷದ ನೌಕಾಪಡೆಯನ್ನ ಮೂರೇ ನಿಮಿಷದಲ್ಲಿ ಹೇಗಪ್ಪಾ ಹೇಳೋದು?”

ಪರದೇಶದ ಬಾಂಗ್ಸಾರ್ ರೈಲು ನಿಲ್ದಾಣದ ಬೆಂಚಿನಲ್ಲಿ, ತಾನು ಆರೈಕೆ ಮಾಡುತ್ತಿದ್ದ ಅಡ್ಮಿರಲ್ ಅಂತ್ಯಕ್ರಿಯೆಯಲ್ಲಿ ಮಾತಾಡಬೇಕಿದ್ದ ನರ್ಸ್ ಅನಿತಾ ತನ್ನಷ್ಟಕ್ಕೇ ಕೇಳಿಕೊಂಡಳು. ಕನ್ನಡ ಕಿವಿಗೆ ಬಿದ್ದದ್ದೇ, ಪಕ್ಕದಲ್ಲಿ ಕೂತಿದ್ದ ಅಪರಿಚಿತೆ ಸುಫಿಯಾಳ ಬೆರಳು ತಸ್ಬೀಹಿನ ಜಪಮಣಿಯ ಮೇಲೆ ನಿಂತಿತು.

“ಹದಿನಾರಕ್ಕೆ ಹಡಗು ಹತ್ತಿದ್ರು, ಕ್ಯಾಪ್ಟನ್ ಆದ್ರು, ಅಡ್ಮಿರಲ್ ಆಗಿ ರಿಟೈರಾದ್ರು, ಲಂಡನ್ ಚಳಿ ಸಾಕಾಗಿ ಇಲ್ಲಿಗೆ ಬಂದ್ರು. ಮುಗೀತಲ್ಲ!” ಎಂದ ಗಂಡ ರಮಾನಂದ.

“ಮತ್ತೆ ಆ ಹನ್ನೊಂದು ಹೆಸರು?”

“ಯಾರದು?”

“ಅವರ ಹಡಗಿಗೆ ಬೆಂಕಿ ಬಿದ್ದಾಗ ಸತ್ತ ನಾವಿಕರದು ಕಣ್ರೀ. ದಿನಾ ನಾನು ಬಿಪಿ ನೋಡುವಾಗ ಬಾಯಿಪಾಠ ಒಪ್ಪಿಸೋರು. ಮಗಳ ಹೆಸರೇ ಮರೆತ ಮೇಲೂ, ನಾನು ಮೊದಲನೇದು ಹೇಳಿದ್ರೆ ಸಾಕು, ಉಳಿದ ಹತ್ತೂ ಬರೋವು. ‘ನಾನು ಹೋದ್ಮೇಲೆ ಯಾರು ಹೇಳ್ತಾರೆ?’ ಅಂತಿದ್ರು.”

ಚಿಕ್ಕಂದಿನಲ್ಲಿ ಕುರಾನಿನ ಒಂದು ಪದ ತಪ್ಪಿದರೂ ಮೊದಲಿಂದ ಓದಿಸುತ್ತಿದ್ದ ಅಬ್ಬಾ ಸುಫಿಯಾಳಿಗೆ ನೆನಪಾದರು.

“ಚರ್ಚಲ್ಲಿ ಪದಕಗಳ ಪಟ್ಟಿ ಓದಿ ಅಂತ ಮಗಳೇ ಹೇಳಿದಾಳೆ. ಅಂತ್ಯಕ್ರಿಯೆ ದಿನ ಆ ಬೆಂಕಿ ಯಾಕೆ ಲಾ? ಹೆಸರು ಬಿಟ್ಬಿಡು,” ಎಂದ ರಮಾನಂದ, ಇಲ್ಲಿಯವರ ಹಾಗೆ ‘ಲಾ’ ಸೇರಿಸಿ.

ರೈಲು ಬಂತು. ಗಂಡ ಹೆಂಡತಿ ಇಬ್ಬರೂ ಎದ್ದರು.

“ಅರ್ಧನಾದ್ರೂ ಬಿಡೇ, ನಿನ್ನ ದಮ್ಮಯ್ಯ.”

“ಒಂದೂ ಬಿಡಲ್ಲ,” ಎಂದು ಅನಿತಾ ಒಳಗೆ ಹೋದಳು.