ನದಿ ಎಂದಷ್ಟೇ ಬರೆದವನು

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿರುವ, ನಮ್ಮೂರ ಅಗ್ನಿಶಾಮಕ ದಳದ ಮುಖ್ಯಸ್ಥೆ ಮಾರ್ಗಿಟ್ ಹಾಲ್ವರ್ಸನ್ ಅವರೇ, ಈ ಸಭೆಗೆ ಜಾಗ ಮಾಡಲೆಂದು ಬೆಂಕಿ ಆರಿಸುವ ಎರಡೂ ಲಾರಿಗಳನ್ನು ಹಿಮದಲ್ಲಿ ನಿಲ್ಲಿಸಿ ಬಂದ ಸ್ವಯಂಸೇವಕರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಶುಕ್ರವಾರದ ಹುರಿದ ಮೀನನ್ನು ಇನ್ನೂ ಮುಗಿಸದ ಸಭಿಕರೇ,

ನಿಮ್ಮ ಮುಂದೆ ನಿಂತಿರುವ ಈ ಆರ್ವಿಡ್ ಸ್ಕೋಗ್‌ಲುಂಡ್ 'ಟಿನ್ ಸೈಲೋಸ್' ರಾಕ್ ತಂಡದಲ್ಲಿ ಐವತ್ತು ವರ್ಷ ಬೇಸ್ ಗಿಟಾರ್ ನುಡಿಸಿದವನು. ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದವನು. ಆರನೆಯದನ್ನು ಎರಡು ಸಲ ಓದಿದ್ದರಿಂದ ಒಂಬತ್ತು ಎಂದೇ ಹಿಡಿಯಿರಿ. ತಂಡಕ್ಕೆ ಐವತ್ತು ತುಂಬಿದ ಈ ಸಂಜೆ ಮಾತಾಡಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐದು ನಿಮಿಷದಲ್ಲಿ ನಾನು ಗಂಟಲು ಸರಿಮಾಡಿಕೊಂಡದ್ದೂ ಇಲ್ಲ!

ತಂಡ ಹುಟ್ಟಿದ್ದೆಲ್ಲಿ? ನಮ್ಮಪ್ಪ ಹಸುಗಳ ಮೇವು ತುಂಬುತ್ತಿದ್ದ ತಗಡಿನ ಗೋಪುರದೊಳಗೆ, ಅಂದರೆ ಸೈಲೋದೊಳಗೆ. ಹಾಡಲು ನನ್ನ ಅಕ್ಕ ಕಾರ್ಲೀನ್. ಡ್ರಮ್ಮಿಗೆ ಓಟಿಸ್ ಕ್ರುಪ್, ಅಂದರೆ ಮುಂದೆ ಅವಳನ್ನು ಕಟ್ಟಿಕೊಂಡ ನನ್ನ ಭಾವ. ಗಿಟಾರಿಗೆ ಡೆಲ್ಬರ್ಟ್, ಅವನು ಐವತ್ತು ವರ್ಷಗಳಲ್ಲಿ ಐವತ್ತು ಮಾತು ಆಡಿಲ್ಲ. ಆ ಗೋಪುರದೊಳಗೆ ನಾವು ನಾಲ್ವರು ಬಾರಿಸಿದರೆ ಹದಿನಾರು ಜನ ಬಾರಿಸಿದಂತೆ ಕೇಳುತ್ತಿತ್ತು. ಹೊರಗೆ ಬಂದ ಮೇಲೆಯೇ ಗೊತ್ತಾಗಿದ್ದು, ನಾವು ನಾಲ್ವರೇ ಎಂದು. ಅಷ್ಟರಲ್ಲಿ ಧೈರ್ಯ ಬಂದುಬಿಟ್ಟಿತ್ತು.

ನಮ್ಮನ್ನು ನಲವತ್ತೆರಡು ರಾಜ್ಯ ಸುತ್ತಿಸಿದ ಹಾಡು ಯಾವುದು? 'ನದಿಗೆ ಬಿತ್ತು ಟ್ರಕ್'! ಆ ಟ್ರಕ್ ಯಾರದು? ನನ್ನದು! ಮಾರ್ಚ್ ತಿಂಗಳಲ್ಲಿ, ಹೆಪ್ಪುಗಟ್ಟಿದ ನದಿಯ ಮೇಲೆ ಅದನ್ನು ನಿಲ್ಲಿಸಿ ಮೀನು ಹಿಡಿಯುತ್ತಿದ್ದೆ. ಮಂಜುಗಡ್ಡೆ ಲಟಲಟ ಎಂದಿತು. ದಡದಿಂದ ಅಕ್ಕ ಕಿರುಚಿದಳು, "ಲೋ ಆರ್ವಿಡ್, ಇಳಿದು ಓಡಿ ಬಾರೋ ಮುಠ್ಠಾಳ!" ನಾನೆಂದೆ, "ತಾಳೇ ಅಕ್ಕಾ, ರೇಡಿಯೋದಲ್ಲಿ ಹಾಡು ಮುಗೀಲಿ!" ಹಾಡು ಮುಗಿಯಲಿಲ್ಲ, ಟ್ರಕ್ ಮುಗಿಯಿತು. ಭಾವ ಅದಕ್ಕೆ ಕುದುರೆ ಓಡಿದಂತೆ ಡ್ರಮ್ ಬಾರಿಸಿದ. ಇಡೀ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ತೊಂಬತ್ತನಾಲ್ಕನೆಯ ಸ್ಥಾನಕ್ಕೇರಿತು, ಒಂದು ವಾರ. ಯೋಚಿಸಿ ನೋಡಿ, ಇಷ್ಟು ದೊಡ್ಡ ದೇಶದಲ್ಲಿ ನಮ್ಮ ಮೇಲೆ ಇದ್ದವು ಬರೀ ತೊಂಬತ್ತಮೂರು ಹಾಡುಗಳು!

ಆಮೇಲೆ ಕೂದಲು ಬೆಳೆಸಿದೆವು, ಬಸ್ಸು ಕೊಂಡೆವು, ಬಸ್ಸು ಸುಟ್ಟುಹೋಯಿತು. ರೆಕಾರ್ಡ್ ಕಂಪನಿಯವರು ನಮ್ಮ ಫೋನ್ ಎತ್ತುವುದನ್ನು ಬಿಟ್ಟರು. ಕೂದಲು ತಾನಾಗಿಯೇ ಹೋಯಿತು. ಕೊನೆಗೆ ಕೌಂಟಿ ಜಾತ್ರೆಗಳಲ್ಲಿ, ಹಂದಿಗಳ ಓಟ ಮುಗಿದು ಟ್ರ್ಯಾಕ್ಟರ್ ಪಂದ್ಯ ಶುರುವಾಗುವ ನಡುವಿನ ಹೊತ್ತಿನಲ್ಲಿ ನುಡಿಸಿದೆವು. ಹಂದಿಗಳಿಗಿಂತ ನಮಗೇ ಚಪ್ಪಾಳೆ ಹೆಚ್ಚು. ಹೆಚ್ಚೂಕಡಿಮೆ ಸಮ ಅನ್ನಿ.

ಈಗ ಮಾರ್ಲೋ ಜಾತ್ರೆಯ ವಿಷಯ. ಅಕ್ಕ ನನ್ನತ್ತ ಕಣ್ಣು ಬಿಡುತ್ತಿದ್ದಾಳೆ. ಬಿಡಲಿ. ಹತ್ತೊಂಬತ್ತು ವರ್ಷ ಹಿಂದಿನ ಮಾತು. ನಮ್ಮಮ್ಮ ತೀರಿಕೊಂಡು ಒಂದು ತಿಂಗಳಾಗಿತ್ತು. ಅಕ್ಕ ಅಮ್ಮನ ಮೇಲೆ 'ನದಿ ಹೆಪ್ಪುಗಟ್ಟಿದೆ' ಎಂಬ ಹಾಡು ಕಟ್ಟಿದ್ದಳು, ಬಹಳ ನಿಧಾನದ ಹಾಡು. ಭಾವ ಅದಕ್ಕೆ ಕೋಲು ಮುಟ್ಟುವಂತಿಲ್ಲ, ತಂತಿಯ ಬ್ರಷ್‌ನಿಂದ ಡ್ರಮ್ಮನ್ನು ಸವರಬೇಕು ಅಷ್ಟೇ. ಅವತ್ತು ಅದನ್ನು ಮೊದಲ ಸಲ ಜನರ ಮುಂದೆ ಹಾಡಬೇಕಿತ್ತು. ಅಕ್ಕ ಕಣ್ಣು ಮುಚ್ಚಿ, "ಅಮ್ಮಾ..." ಎಂದು ಎತ್ತಿಕೊಂಡಳು. ಹಿಂದಿನಿಂದ ಭಾವ ಎರಡೂ ಕೋಲು ಎತ್ತಿ, ಅದೇ ಕುದುರೆ ಓಟದ ಹೊಡೆತದಲ್ಲಿ ಟ್ರಕ್ಕನ್ನು ನದಿಗೆ ಕೆಡವಿದ! ಜನ ಬಿದ್ದು ಬಿದ್ದು ನಕ್ಕರು. ಅಕ್ಕ ಮೈಕ್ ನೆಲಕ್ಕಿಟ್ಟು ಇಳಿದುಹೋದಳು.

"ನಮ್ಮಮ್ಮನ್ನ ಗೇಲಿ ಮಾಡ್ತೀಯೇನೋ?"

"ಹಾಡಿನ ಪಟ್ಟೀಲಿ ಟ್ರಕ್ ಹಾಡೇ ಇತ್ತು ಕಣೇ!"

"ತೋರ್ಸು ಪಟ್ಟಿ!"

ಪಟ್ಟಿ ಇರಲಿಲ್ಲ. ಇಬ್ಬರೂ ಇವತ್ತಿಗೂ ಒಂದೇ ಮನೆಯಲ್ಲಿದ್ದಾರೆ, ಒಂದೇ ಕಾಫಿ ಪಾತ್ರೆ. ಆದರೆ ಭಾವ ಅಂದಿನಿಂದ ಡ್ರಮ್ ಮುಟ್ಟಿಲ್ಲ, ಅಕ್ಕ ಆ ಹಾಡು ಹಾಡಿಲ್ಲ. ಹನ್ನೊಂದು ಮಂದಿ ಡ್ರಮ್ಮರುಗಳು ಬಂದು ಹೋದರು. ಒಬ್ಬನಂತೂ ಹಲ್ಲಿನ ಡಾಕ್ಟರಾದ!

ಸಭಿಕರೇ, ಪಟ್ಟಿ ಎಲ್ಲಿ ಹೋಯಿತು? ಹಾಡುಗಳ ಪಟ್ಟಿ ಬರೆದು ಡ್ರಮ್ಮರ್‌ನ ಕಾಲ ಬಳಿ ಟೇಪು ಹಚ್ಚುವುದು ಐವತ್ತು ವರ್ಷದಿಂದ ಯಾರ ಕೆಲಸ? ಈ ಮಹಾನುಭಾವನದೇ. ಪ್ರತಿ ಹಾಡಿಗೂ ಒಂದೇ ಪದ ಬರೆಯುತ್ತಿದ್ದೆ, ಎಲ್ಲರೂ ಅದನ್ನು ನನ್ನ ಶಿಸ್ತು ಅಂದುಕೊಂಡಿದ್ದರು. ಟ್ರಕ್ ಹಾಡಿಗೆ ಮೊದಲಿನಿಂದಲೂ 'ನದಿ'. ಹೊಸ ಹಾಡಿಗೆ 'ಹೆಪ್ಪುಗಟ್ಟಿದೆ' ಎಂದು ಬರೆಯೋಣವೆಂದರೆ ಆ ಪದದ ಕಾಗುಣಿತ ನನಗೆ ಬರುತ್ತಿರಲಿಲ್ಲ. ಅಕ್ಕನನ್ನು ಕೇಳಿದರೆ ನಗುತ್ತಾಳೆ. ಅದಕ್ಕೇ ಅಲ್ಲೂ 'ನದಿ' ಎಂದು ಬರೆದೆ. ಜಗಳ ಶುರುವಾದಾಗ ಪಟ್ಟಿಯನ್ನು ಕಿತ್ತು, ಮಡಚಿ, ನನ್ನ ಸಾಸೇಜ್ ಬನ್ನಿನೊಳಗಿಟ್ಟು, ಸಾಸಿವೆ ಸವರಿ ತಿಂದುಬಿಟ್ಟೆ. ಟೇಪು ಸಮೇತ! ಮೂರು ದಿನ ಹೊಟ್ಟೆನೋವು. ಆಮೇಲಿನ ಹತ್ತೊಂಬತ್ತು ವರ್ಷದ ನೋವು ಹೊಟ್ಟೆಯದಲ್ಲ.

ಭಾವ ಸುಳ್ಳು ಹೇಳಿರಲಿಲ್ಲ ಅಕ್ಕಾ. ಅಲ್ಲಿ ಇದ್ದದ್ದನ್ನೇ ಬಾರಿಸಿದ.

ಇವತ್ತಿನ ಪಟ್ಟಿ ಡ್ರಮ್ಮಿನ ಕೆಳಗೇ ಇದೆ. ಅದರಲ್ಲಿ ಒಂದೇ ಹಾಡು, ಪೂರ್ತಿ ಹೆಸರು. ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರಮ್ಮನಿಂದ ಎರಡು ಸಲ ತಿದ್ದಿಸಿದ್ದೇನೆ. ಡ್ರಮ್ಮರ್ ಸ್ಟೂಲ್ ಖಾಲಿ ಇದೆ. ಹನ್ನೆರಡನೆಯವನಿಗೆ ಇವತ್ತು ಬರಬೇಡ ಎಂದು ನಾನೇ ಹೇಳಿದ್ದೇನೆ. ಬಾಗಿಲ ಬಳಿ ಕಾಫಿ ಹಿಡಿದು ನಿಂತಿರುವ ಓಟಿಸ್ ಕ್ರುಪ್ ಅವರೇ, ದಯವಿಟ್ಟು...

ಓ, ಬರುತ್ತಿದ್ದಾನೆ! ಲೋಟ ಯಾರ ಕೈಗೋ ಕೊಟ್ಟ. ದಾರಿ ಬಿಡಿ, ಮೀನಿನ ತಟ್ಟೆ ಆಚೆ ಸರಿಸಿ! ಹೊಡೆಯುವುದು ನನ್ನನ್ನೋ ಡ್ರಮ್ಮನ್ನೋ ಗೊತ್ತಿಲ್ಲ. ನನ್ನನ್ನು ದಾಟಿ ಹೋದ, ದೇವರು ದೊಡ್ಡವನು. ಕುಳಿತ. ಬಗ್ಗಿ ಓದುತ್ತಿದ್ದಾನೆ. ಕನ್ನಡಕ ಹಾಕಿ ಮತ್ತೆ ಓದುತ್ತಿದ್ದಾನೆ, ಎಂಥ ಅನುಮಾನದ ಮನುಷ್ಯ! ಅಕ್ಕ ತಿರುಗಿ ಅವನನ್ನೇ ನೋಡುತ್ತಿದ್ದಾಳೆ.

ಕೋಲುಗಳನ್ನು ಎತ್ತಿದ.

ಕೆಳಗಿಟ್ಟ. ಬ್ರಷ್ ತೆಗೆದುಕೊಂಡ.

ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ನನ್ನ ಗಿಟಾರ್ ಎಲ್ಲಿ? ಅಮ್ಮ ಕಾಯುತ್ತಿದ್ದಾಳೆ, ನಮಸ್ಕಾರ.