ಹೆಬ್ಬೆರಳಿಗೆ ಅಂಟಿದ ಕೆಂಪು

ನಾನು, ಈ ಹೇಳಿಕೆ ಕೊಡುತ್ತಿರುವವಳು, ವಯಸ್ಸು 29, ಲಿಫ್ಟ್‌ಗಳ ಸರ್ಕ್ಯೂಟ್ ಬೋರ್ಡ್ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷಕಿ, ವಾಸ ಅಕ್ಕನ ಮನೆಯ ಮಹಡಿ ಕೋಣೆ, ಇಂದು ಠಾಣೆಗೆ ಖುದ್ದಾಗಿ ಬಂದು ತಿಳಿಸುವುದೇನೆಂದರೆ:

ಅಕ್ಕನ ಗಂಡ, ಅಂದರೆ ನನ್ನ ಭಾವ, ಅದೇ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ನನಗೆ ಕೆಲಸ ಕೊಡಿಸಿದ್ದೂ ಕಲಿಸಿದ್ದೂ ಅವರೇ. ಪ್ರತಿ ಬೆಳಿಗ್ಗೆ ಹೊಸ ಬೋರ್ಡ್‌ಗಳನ್ನು ಮುಟ್ಟುವ ಮೊದಲು ಪರೀಕ್ಷೆಯ ಯಂತ್ರವನ್ನೇ ಪರೀಕ್ಷಿಸಬೇಕು. ಅದಕ್ಕೆಂದೇ ಒಂದು ಕೆಟ್ಟ ಬೋರ್ಡನ್ನು ಅಂಚಿಗೆ ಕೆಂಪು ಬಣ್ಣ ಬಳಿದು ಇಟ್ಟಿದ್ದೇವೆ. ಅದನ್ನು ಎಲ್ಲರೂ ಕಳ್ಳ ಎನ್ನುತ್ತೇವೆ. ಕಳ್ಳನನ್ನು ಹಿಡಿಯದ ಯಂತ್ರವನ್ನು ಅವತ್ತು ನಂಬುವ ಹಾಗಿಲ್ಲ. ತಣ್ಣಗಿರುವಾಗ ಕಳ್ಳ ಬಲು ಸಂಭಾವಿತ. ಬಿಸಿಗಾಳಿ ಹಾಯಿಸಿದರೆ ಬುದ್ಧಿ ತೋರಿಸುತ್ತದೆ: ಲಿಫ್ಟ್ ಆ ಮಹಡಿಗೆ ಬಾರದಿದ್ದರೂ ಬಾಗಿಲು ತೆರೆಸುತ್ತದೆ.

ಇಂದು ಬೆಳಿಗ್ಗೆ 8 ಗಂಟೆಗೆ ಕೆಂಪು ಬೋರ್ಡನ್ನು ಯಂತ್ರದಲ್ಲಿಟ್ಟು ಬಿಸಿಗಾಳಿ ಹಾಯಿಸಿದೆ. ಬೋರ್ಡ್ ಸರಿಯಿದೆ ಎನ್ನುವ ಹಸಿರು ದೀಪ ಬಂತು. ಇನ್ನೊಮ್ಮೆ ಹಾಯಿಸಿದರೂ ಹಸಿರೇ. ಬೋರ್ಡ್ ತೆಗೆದಾಗ ಇನ್ನೂ ಆರದ ಬಣ್ಣ ನನ್ನ ಹೆಬ್ಬೆರಳಿಗೆ ಅಂಟಿತು. ತಿರುಗಿಸಿ ನೋಡಿದರೆ ಮೂಲೆ ಮುಕ್ಕಾಗಿತ್ತು. ಕೆಲಸ ಮಾಡಿದರೂ ಅಂದಗೆಟ್ಟಿದೆ ಎಂದು ಹೋದ ವಾರ ನಾನೇ ತೆಗೆದಿಟ್ಟಿದ್ದ ಬೋರ್ಡ್ ಅದು. ಕಳ್ಳ ಎಲ್ಲೂ ಇರಲಿಲ್ಲ.

ಭಾವನನ್ನು ಕೇಳಿದೆ. ನಿನ್ನೆ ಒಂದು ಬೋರ್ಡ್ ಕಡಿಮೆ ಬಿತ್ತು, ಗಿರಾಕಿಯ ವ್ಯಾನ್ ಬಾಗಿಲಲ್ಲೇ ನಿಂತಿತ್ತು, ಮುಕ್ಕಾದದ್ದನ್ನು ಅವರು ಒಪ್ಪುವುದಿಲ್ಲ ಎಂದರು. ಬಣ್ಣ ಒರೆಸಿ ಕಳ್ಳನನ್ನೇ ಕಳಿಸಿದಿರಾ ಎಂದೆ. "ಅಷ್ಟೊಂದು ಬಿಸಿ ಎಲ್ಲಾಗತ್ತೆ? ಸುಮ್ನೆ ತಲೆ ತಿನ್ಬೇಡ" ಎಂದರು. ಯಾವ ಕಟ್ಟಡಕ್ಕೆ ಹೋಯಿತೋ ತಮಗೆ ಗೊತ್ತಿಲ್ಲ ಎಂದರು. ಮನೆಯವರ ಮಾತು, ನಂಬಿದೆ.

ಮಧ್ಯಾಹ್ನ 3 ಗಂಟೆಗೆ ಅಕ್ಕನನ್ನು ಹೆರಿಗೆ ಆಸ್ಪತ್ರೆಗೆ ಕರೆದೊಯ್ದೆವು. ಅವಳಿಗೆ ದಿನ ತುಂಬಿದೆ. ಡಾಕ್ಟರ ಕೋಣೆ ನಾಲ್ಕನೇ ಮಹಡಿಯಲ್ಲಿದೆ. ವಾರದಿಂದ ನಿಂತಿದ್ದ ಲಿಫ್ಟ್ ಹೊಸ ಬೋರ್ಡ್ ಹಾಕಿದ ಮೇಲೆ ಬೆಳಿಗ್ಗೆಯಿಂದ ಓಡುತ್ತಿದೆ ಎಂದು ಸೆಕ್ಯುರಿಟಿಯವನು ಖುಷಿಯಿಂದ ಹೇಳಿದ. ಭಾವನ ಮುಖದಲ್ಲಿ ರಕ್ತ ಇರಲಿಲ್ಲ. ಅಕ್ಕನ ಕೈ ಹಿಡಿದು, ಮೆಟ್ಟಿಲು ಹತ್ತೋಣ, ನಡೆದರೆ ಒಳ್ಳೆಯದಂತೆ ಎಂದರು.

"ತಲೆ ಕೆಟ್ಟಿದ್ಯಾ ನಿಮಗೆ? ನಾಲ್ಕು ಮಹಡಿ ನೀವೇ ಎತ್ಕೊಂಡು ಹೋಗ್ತೀರಾ?" ಎಂದು ಅಕ್ಕ ರೇಗಿದಳು. ಅವರು ಕೈ ಬಿಡಲಿಲ್ಲ. ಮನೆಯಲ್ಲಿ ಒಣಗಿದ ಬಟ್ಟೆ ತರಲೂ ಅವಳನ್ನು ಮಹಡಿಗೆ ಬಿಡದ ಮನುಷ್ಯ.

ಅಷ್ಟರಲ್ಲಿ ಒಬ್ಬ ಬಾಣಂತಿ, ಮಗುವನ್ನೆತ್ತಿಕೊಂಡ ಅವಳ ತಾಯಿ, ಲಿಫ್ಟಿನ ಮುಂದೆ ಬಂದು ನಿಂತರು. ಭಾವ ಅವರನ್ನು ನೋಡಿದರು. ಅಕ್ಕನನ್ನು ಮೆಟ್ಟಿಲ ಕಡೆಗೆ ಎಳೆದರು. ನಾನು ಅಡ್ಡ ನಿಂತು, ಹತ್ತಬೇಡಿ ಎಂದು ಕೂಗಿದೆ. ಆಗ ಭಾವ ಸೆಕ್ಯುರಿಟಿಯವನಿಗೆ, "ಹೆಂಡ್ತಿ ತಂಗಿ. ಸ್ವಲ್ಪ ಹಾಗೇ. ಮನಸ್ಸಿಗೆ ಹಚ್ಕೋಬೇಡಿ" ಎಂದರು. ಅವನು ನನ್ನನ್ನು ಹೊರಗೆ ಹಾಕಿದ. ಆ ತಾಯಿ ಮಗಳು ಒಳಗೆ ಹೋದರು. ನಾನು ನೇರ ಇಲ್ಲಿಗೆ ಬಂದೆ.

ಇನ್ನೂ ಅನಾಹುತ ಆಗಿಲ್ಲವಲ್ಲ ಎಂದು ತಾವು ಕೇಳಿದಿರಿ. ಬೋರ್ಡ್ ಬೆಳಿಗ್ಗೆಯಿಂದ ಬಿಸಿಯೇರುತ್ತಿದೆ. ಇನ್ನು ಮುಂದೆ ಅಕ್ಕ ನನ್ನ ಮುಖ ನೋಡಲಾರಳು, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಬರೆದದ್ದನ್ನು ಓದಿ ಹೇಳಿದ್ದನ್ನು ಕೇಳಿದ್ದೇನೆ. ಎಲ್ಲವೂ ನಾನು ಕಂಡದ್ದೇ, ಸುಳ್ಳಿಲ್ಲ. ಆದರೆ ಆ ಲಿಫ್ಟ್ ನಿಲ್ಲಿಸುವಂತೆ ಫೋನ್ ಮಾಡುವವರೆಗೆ ಸಹಿ ಹಾಕುವುದಿಲ್ಲ.

ಸ್ಥಳ: ಠಾಣೆ
ದಿನಾಂಕ: ಇಂದಿನದು
ಸಹಿ: ಹಾಕಿಲ್ಲ. ಸಂಜೆ 4.40ಕ್ಕೆ ಆಸ್ಪತ್ರೆಗೆ ಫೋನ್ ಮಾಡಲಾಗಿದೆ. ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ.